ರಕ್ತಾಕ್ಷಿಯ ಸೇಡು

ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ನಲ್ಲಿ ಒಫೀಲಿಯಾ ಬುದ್ಧಿಗೆಟ್ಟು ನೀರುಪಾಲಾಗುತ್ತಾಳೆ, ಸೇಡು ರಾಜಕುಮಾರನ ಪಾಲು. ಆ ಕಥೆಯನ್ನು 1930ರ ದಶಕದಲ್ಲಿ ಬಿದನೂರಿಗೆ ತಂದ ಕುವೆಂಪು ನಾಟಕಕ್ಕೆ ರಾಜಕುಮಾರ ಬಸವಯ್ಯನ ಹೆಸರಿಡಲಿಲ್ಲ. ಅವನನ್ನು ಪ್ರೀತಿಸಿದ ರುದ್ರಾಂಬೆಯೇ ‘ರಕ್ತಾಕ್ಷಿ’. ಅವಳ ಹುಚ್ಚು ಅಳುವಿನಲ್ಲಿ ಮುಗಿಯದೆ ಸೇಡಾಗಿ ಎದ್ದು ನಿಲ್ಲುತ್ತದೆ. ಇದನ್ನು ಹೆಣ್ಣಿನ ಗೆಲುವೆನ್ನಲು ನಮಗೆ ಮನಸ್ಸು ಬಾರದು. ಗಂಡಸರು ಬರೆದಿಟ್ಟ ರಕ್ತದ ಲೆಕ್ಕ ತೀರಿಸುವ ಕೆಲಸ ಅವಳ ತಲೆಗೆ ಬಿತ್ತು, ಅಷ್ಟೆ. ಆದರೂ ‘ಅಯ್ಯೋ ಪಾಪ’ ಎನಿಸಿಕೊಂಡು ಸಾಯುವುದಕ್ಕಿಂತ ಮೇಲು.

ಬಿದನೂರು 1763ರಲ್ಲಿ ಹೈದರಲಿಯ ವಶವಾಯಿತು. ಅದರ ಪತನವೆಂದರೆ ಹೊರಗಿನವನ ದಾಳಿಯನ್ನಷ್ಟೇ ನೆನೆಯುವವರು ಈ ನಾಟಕವನ್ನೊಮ್ಮೆ ಓದಬೇಕು. ಇಲ್ಲಿ ವಿಷವಿರುವುದು ಅರಮನೆಯೊಳಗೆ, ನಿಂಬಯ್ಯನ ಅಧಿಕಾರದಾಸೆಯಲ್ಲಿ. ಬೆಳಗಿನವರೆಗೂ ಕುರುಕ್ಷೇತ್ರ ನಾಟಕ ನೋಡುವ ಮಾಕವಳ್ಳಿ, ಕೆ.ಆರ್. ಪೇಟೆ ಕಡೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲೂ ದಾಯಾದಿಗಳೇ ಮನೆ ಕೆಡಿಸಿದ್ದು.