ಬಾಂಬು ಬೀಳುವುದು ಸರಿ, ಸಿಡಿಯುವುದು ತಪ್ಪು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯ ಕೆಳಗೆ ಬಹುಪಾಲು ಕಡೆ ಇರುವುದು ಬಸಾಲ್ಟ್ ಎಂಬ ಗಟ್ಟಿ ಕಪ್ಪು ಶಿಲೆ. ಜೇವರ್ಗಿಯ ಕೆಲವೆಡೆ ಸುಣ್ಣಕಲ್ಲು. ಬಾವಿ ತೋಡುವಾಗ ಇಂಥ ಬಂಡೆಗೆ ಮದ್ದು ಇಟ್ಟು ಸಿಡಿಸುವುದನ್ನು ನೀವು ನೋಡಿರಬಹುದು. ಆಗ ಏನು ಕಾಣುತ್ತದೆ? ನೆಲ ಅದುರುತ್ತದೆ, ದೂಳು ಮೇಲೇಳುತ್ತದೆ, ಕಲ್ಲಿನ ಚೂರುಗಳು ಹಾರುತ್ತವೆ. ದೂರ ನಿಂತವರಿಗೆ ದೂಳು ಮೊದಲು ಕಾಣುತ್ತದೆ, ಸದ್ದು ಆಮೇಲೆ ಕೇಳುತ್ತದೆ. ಕಿತ್ತಳೆ ಬಣ್ಣದ ಬೆಂಕಿಯ ಉಂಡೆ ಮಾತ್ರ ಎಲ್ಲೂ ಕಾಣುವುದಿಲ್ಲ.

ಇದೇ ತಾಲ್ಲೂಕುಗಳ ಮಕ್ಕಳ ಕೈಗೆ ಈಗ ಮೊಬೈಲ್, ಕಂಪ್ಯೂಟರ್ ಬಂದಿವೆ. ಅವುಗಳಲ್ಲಿ ಯುದ್ಧವಿಮಾನ ಹಾರಿಸುವ ಸಿಮ್ಯುಲೇಟರ್ ಆಟಗಳಿವೆ, ಆ ಆಟಗಳ ವಿಡಿಯೋಗಳಿವೆ. 1998ರ 'ಫಾಲ್ಕನ್ 4.0', 2001ರ 'ಐಎಲ್-2 ಸ್ಟರ್ಮೋವಿಕ್', ಇತ್ತೀಚಿನ 'ಡಿಸಿಎಸ್ ವರ್ಲ್ಡ್' ಇವೆಲ್ಲ ತಮ್ಮ ನೈಜತೆಗಾಗಿ ಹೆಸರಾದವು. ಈ ನೈಜತೆ ಎಷ್ಟರ ಮಟ್ಟಿನದು? ಬಾಂಬು ದಾಳಿಯ ದೃಶ್ಯವನ್ನೇ ತೆಗೆದುಕೊಂಡು ಭೌತವಿಜ್ಞಾನದ ಒರೆಗೆ ಹಚ್ಚಿ ನೋಡೋಣ.

ಮೊದಲು ಮೆಚ್ಚಬೇಕಾದ ಅಂಶ. ವಿಮಾನದಿಂದ ಕಳಚಿದ ಬಾಂಬು ನೇರವಾಗಿ ಕೆಳಕ್ಕೆ ಬೀಳುವುದಿಲ್ಲ. ವಿಮಾನದ ವೇಗ ಅದಕ್ಕೂ ಇರುತ್ತದೆ. ಸೆಕೆಂಡಿಗೆ 200 ಮೀಟರ್ ವೇಗದಲ್ಲಿ, 3,000 ಮೀಟರ್ ಎತ್ತರದಲ್ಲಿ ಸಮತಲವಾಗಿ ಹಾರುವ ವಿಮಾನವನ್ನು ಊಹಿಸಿಕೊಳ್ಳಿ. ವಾಯುರೋಧವನ್ನು ಬಿಟ್ಟು ಲೆಕ್ಕ ಹಾಕಿದರೆ ಬಾಂಬು ನೆಲ ಮುಟ್ಟಲು ಸುಮಾರು 24.7 ಸೆಕೆಂಡು ಬೇಕು. ಅಷ್ಟರಲ್ಲಿ ಅದು ಮುಂದಕ್ಕೆ ಸುಮಾರು 5 ಕಿ.ಮೀ. ಸಾಗಿರುತ್ತದೆ. ಎಂದರೆ ಗುರಿ ಇನ್ನೂ 5 ಕಿ.ಮೀ. ದೂರದಲ್ಲಿರುವಾಗಲೇ ಬಾಂಬನ್ನು ಬಿಡಬೇಕು. ವಾಯುರೋಧವನ್ನು ಸೇರಿಸಿದರೆ ಈ ದೂರ ಸ್ವಲ್ಪ ಕಡಿಮೆಯಾಗುತ್ತದೆ. ಮೇಲೆ ಹೇಳಿದ ಸಿಮ್ಯುಲೇಟರ್‌ಗಳು ಈ ಲೆಕ್ಕವನ್ನು ಚೆನ್ನಾಗಿಯೇ ಮಾಡುತ್ತವೆ. 'ಫಾಲ್ಕನ್ 4.0'ರಲ್ಲಿ ಬಾಂಬು ಎಲ್ಲಿ ಬೀಳುವುದೆಂದು ವಿಮಾನದ ಗಣಕ ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಪೈಲಟ್‌ನ ಎದುರಿನ ಗಾಜಿನ ಮೇಲೆ ತೋರಿಸುತ್ತದೆ. ನಿಜವಾದ ಎಫ್-16 ವಿಮಾನದಲ್ಲೂ ಇಂಥದೇ ವ್ಯವಸ್ಥೆಯಿದೆ. ಪಿಯುಸಿ ತರಗತಿಯಲ್ಲಿ ಉತ್ಕ್ಷೇಪಕ ಚಲನೆಯನ್ನು ಕಲಿಸುವ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಸಿಗುವುದು ಕಷ್ಟ.

'ಐಎಲ್-2' ಇನ್ನೊಂದು ಪಾಠ ಹೇಳಿಕೊಡುತ್ತದೆ. ಬರೀ 100 ಮೀಟರ್ ಎತ್ತರದಿಂದ ಬಾಂಬು ಬಿಟ್ಟರೆ ಅದು 4.5 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಆ ಹೊತ್ತಿಗೆ ವಿಮಾನ ಎಲ್ಲಿರುತ್ತದೆ? ಸರಿಸುಮಾರು ಬಾಂಬಿನ ನೆತ್ತಿಯ ಮೇಲೆ! ಸಿಡಿತವನ್ನು ಕೆಲವು ಸೆಕೆಂಡು ತಡಮಾಡುವ ವ್ಯವಸ್ಥೆಯನ್ನು ಆಟಗಾರ ಮರೆತರೆ ತನ್ನ ಬಾಂಬಿಗೆ ತಾನೇ ಬಲಿಯಾಗುತ್ತಾನೆ. ಬಾಲದ ರೆಕ್ಕೆಗಳನ್ನು ಬಿಚ್ಚಿಕೊಂಡು ಹಿಂದೆ ಉಳಿಯುವ ಬಾಂಬುಗಳನ್ನು ರೂಪಿಸಿದ್ದೂ ಇದೇ ಕಾರಣಕ್ಕೆ.

ಬಾಂಬು ನೆಲ ಮುಟ್ಟಿದ ಕ್ಷಣದಿಂದ ಮಾತ್ರ ವಿಜ್ಞಾನ ಹಿಂದೆ ಸರಿದು ಚಿತ್ರಕಲೆ ಮುಂದೆ ಬರುತ್ತದೆ. ಮೊದಲನೆಯ ದೋಷ ಬೆಂಕಿಯದು. ಬಂಡೆಯೊಳಗೆ ಹುದುಗಿಸಿದ ಮದ್ದಿನ ಬೆಳಕು ಹೊರಗೆ ಕಾಣದಿರುವುದು ಸಹಜ ಎಂದು ನೀವು ಆಕ್ಷೇಪಿಸಬಹುದು. ಅದು ಸರಿಯೇ. ಆದರೆ ತೆರೆದ ನೆಲದ ಮೇಲೆ ಸಿಡಿದರೂ ಟಿಎನ್‌ಟಿಯಂಥ ಸ್ಫೋಟಕದ ಬೆಳಕು ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಸ್ಫೋಟ ಅದರೊಳಗೆ ಸೆಕೆಂಡಿಗೆ ಸುಮಾರು 6,900 ಮೀಟರ್ ವೇಗದಲ್ಲಿ ಹರಡುತ್ತದೆ. ಅದರ ಅಣುವಿನಲ್ಲಿ ಇಂಗಾಲವನ್ನೆಲ್ಲ ಉರಿಸುವಷ್ಟು ಆಕ್ಸಿಜನ್ ಇಲ್ಲದ್ದರಿಂದ ಕಪ್ಪು ಹೊಗೆ ಉಳಿಯುತ್ತದೆ. ಸಿನಿಮಾಗಳಲ್ಲಿ ನಿಧಾನವಾಗಿ ಹೊರಳುತ್ತ ಮೇಲೇರುವ ಬೆಂಕಿ ಉಂಡೆ ಪೆಟ್ರೋಲಿನದು. ಇಂಧನದ ಸಂಗ್ರಹಕ್ಕೆ ಪೆಟ್ಟು ಬಿದ್ದರೆ ಅಂಥ ಬೆಂಕಿ ನಿಜಕ್ಕೂ ಏಳಬಹುದು. ಆಟಗಳಲ್ಲಿ ಬರಿನೆಲದ ಮೇಲೂ ಅದೇ ಏಳುತ್ತದೆ. ಏಕೆ? 10 ಮೀಟರ್ ಅಗಲದ ಗುಣಿಯೊಂದು 3,000 ಮೀಟರ್ ದೂರದಿಂದ 0.2 ಡಿಗ್ರಿಯಷ್ಟೇ ಕಾಣುತ್ತದೆ, ಹುಣ್ಣಿಮೆ ಚಂದ್ರನ ಅರ್ಧ ಅಗಲವೂ ಅಲ್ಲ. ಇಷ್ಟು ಚಿಕ್ಕ ಫಲವನ್ನು ಕಂಡರೆ ಆಟಗಾರನಿಗೆ ನಿರಾಸೆಯಾದೀತು ಎಂದು ಕಲಾವಿದರು ಬೆಂಕಿಯನ್ನು ಹಿಗ್ಗಿಸುತ್ತಾರೆ.

ಎರಡನೆಯ ದೋಷ ಸದ್ದಿನದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 3 ಕಿ.ಮೀ. ದೂರದ ಸ್ಫೋಟ ಕಿವಿಗೆ ತಲುಪಲು ಹೆಚ್ಚುಕಡಿಮೆ 9 ಸೆಕೆಂಡು ಬೇಕು. ಮಿಂಚು ಕಂಡೊಡನೆ ಎಣಿಸತೊಡಗಿ ಗುಡುಗಿನ ದೂರ ಹೇಳಬಲ್ಲ ವಿದ್ಯಾರ್ಥಿಗೆ ಇದು ಗೊತ್ತು. ಅನೇಕ ಆಟಗಳಲ್ಲಿ ಬೆಳಕು, ಸದ್ದು ಎರಡೂ ಒಟ್ಟಿಗೇ ಬರುತ್ತವೆ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಬೆಂಕಿ ತಾಗದಿದ್ದರೆ ಅಪಾಯವಿಲ್ಲ ಎಂಬ ಭಾವನೆಯನ್ನು ಈ ಚಿತ್ರಗಳು ಮೂಡಿಸುತ್ತವೆ. ಆದರೆ ಬಾಂಬಿನಲ್ಲಿ ಹೆಚ್ಚು ದೂರದವರೆಗೆ ಕೊಲ್ಲುವುದು ಒಡೆದ ಉಕ್ಕಿನ ಕವಚದ ಚೂರುಗಳು. ಅವು ನೂರಾರು ಮೀಟರ್ ಹಾರುತ್ತವೆ. ಅತಿ ನಿಖರವೆನಿಸಿದ 'ಡಿಸಿಎಸ್'ನಲ್ಲಿಯೂ ಬಹುಕಾಲ ಈ ಚೂರುಗಳ ಲೆಕ್ಕ ಇರಲಿಲ್ಲ. ಸ್ಫೋಟದ ಪರಿಣಾಮ ಸಾಲದೆಂದು ಆಟಗಾರರೇ ಹೆಚ್ಚುವರಿ ಸ್ಕ್ರಿಪ್ಟ್ ಬರೆದು ಸೇರಿಸಿಕೊಳ್ಳಬೇಕಾಯಿತು. ಆಘಾತ ತರಂಗದ ನಿಯಮವೂ ತೆರೆಯ ಮೇಲೆ ಕಾಣುವುದಿಲ್ಲ. ಒಂದೇ ತೀವ್ರತೆಯ ಆಘಾತ ತಲುಪುವ ದೂರವು ಸ್ಫೋಟಕದ ರಾಶಿಯ ಘನಮೂಲಕ್ಕೆ ಅನುಪಾತದಲ್ಲಿರುತ್ತದೆ. ಮಾರ್ಕ್-82 ಬಾಂಬಿನಲ್ಲಿ ಸುಮಾರು 87 ಕಿ.ಗ್ರಾಂ, ಮಾರ್ಕ್-84ರಲ್ಲಿ ಸುಮಾರು 429 ಕಿ.ಗ್ರಾಂ ಸ್ಫೋಟಕವಿದೆ. ಸ್ಫೋಟಕ ಐದು ಪಟ್ಟು ಹೆಚ್ಚಿದರೂ ದೂರ ಹೆಚ್ಚುವುದು 1.7 ಪಟ್ಟು ಮಾತ್ರ.

ಇದೆಲ್ಲ ಬರೀ ಆಟ, ಇಷ್ಟು ತಲೆಕೆಡಿಸಿಕೊಳ್ಳಬೇಕೆ? ಬೇಕು, ಎರಡು ಕಾರಣಗಳಿಗಾಗಿ. ಮೊದಲನೆಯದು ಸುದ್ದಿಯ ಸತ್ಯ. 2022ರ ಫೆಬ್ರವರಿಯಲ್ಲಿ 'ಡಿಸಿಎಸ್' ಆಟದ ತುಣುಕೊಂದು ಉಕ್ರೇನಿನ ನಿಜವಾದ ವಾಯುಯುದ್ಧವೆಂದು ಜಗತ್ತಿನಾದ್ಯಂತ ಹರಡಿತು. ಅದೇ ವರ್ಷದ ನವೆಂಬರ್‌ನಲ್ಲಿ 'ಆರ್ಮಾ 3' ಎಂಬ ಸೈನಿಕ ಆಟದ ತಯಾರಕರು, ತಮ್ಮ ಆಟದ ದೃಶ್ಯಗಳನ್ನು ಯುದ್ಧದ ವಿಡಿಯೋ ಎಂದು ನಂಬಬೇಡಿರೆಂದು ಪ್ರಕಟಣೆ ಹೊರಡಿಸಬೇಕಾಯಿತು. 2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಸಂಘರ್ಷದ ವೇಳೆ ಇಂಥವೇ ದೃಶ್ಯಗಳು ನಮ್ಮ ಮೊಬೈಲ್‌ಗಳಿಗೂ ಬಂದವು. ಆಟದ ಬೆಂಕಿಯನ್ನೇ ನಿಜವೆಂದು ರೂಢಿಸಿಕೊಂಡ ಕಣ್ಣು ಇಂಥ ಸುಳ್ಳನ್ನು ಹಿಡಿಯಲಾರದು.

ಎರಡನೆಯದು ಜೀವದ ಪ್ರಶ್ನೆ. 2013ರ ಫೆಬ್ರವರಿ 15ರಂದು ರಷ್ಯದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಉಲ್ಕೆಯೊಂದು ಸಿಡಿಯಿತು. ಬೆಳಕು ಕಂಡ ಜನ ಕಿಟಕಿಗಳ ಬಳಿ ಸೇರಿದರು. ಸುಮಾರು ಎರಡು ನಿಮಿಷಗಳ ನಂತರ ಬಂದ ಆಘಾತ ತರಂಗ ಗಾಜುಗಳನ್ನು ಪುಡಿಮಾಡಿತು. ಗಾಯಗೊಂಡವರು ಸುಮಾರು 1,500, ಹೆಚ್ಚಿನವರಿಗೆ ಗಾಜಿನಿಂದಲೇ ಗಾಯ. ಅಲ್ಲಿನ ಒಬ್ಬ ಶಿಕ್ಷಕಿ ತನ್ನ ತರಗತಿಯ 44 ಮಕ್ಕಳನ್ನು ಮೇಜಿನ ಕೆಳಗೆ ಕೂರಿಸಿದ್ದರಿಂದ ಅವರಲ್ಲಿ ಯಾರಿಗೂ ಗಾಯವಾಗಲಿಲ್ಲ. ಆಕೆಗೆ ಮಾತ್ರ ಗಾಜು ತಾಗಿತು. ಬೆಳಕಿಗೂ ಆಘಾತಕ್ಕೂ ನಡುವೆ ಅಂತರವಿದೆ ಎಂಬ ತಿಳಿವಳಿಕೆಯ ಬೆಲೆ ಇದು.

ನೆರೆಯ ಬೀದರ್ ವಾಯುನೆಲೆಯಲ್ಲಿ 2008ರಿಂದ ಹಾಕ್ ವಿಮಾನಗಳಲ್ಲಿ ಯುವ ಪೈಲಟ್‌ಗಳು ತರಬೇತಿ ಪಡೆಯುತ್ತಿದ್ದಾರೆ. ಬೆಂಗಳೂರಿನ ಎಡಿಇ ಪ್ರಯೋಗಾಲಯ ತೇಜಸ್ ವಿಮಾನಕ್ಕೆ ಸಿಮ್ಯುಲೇಟರ್ ರೂಪಿಸಿದೆ. ಸಿಮ್ಯುಲೇಟರ್ ಎಂಬುದು ಕಲಿಕೆಯ ಸಾಧನವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ವಿಮಾನದೊಳಗೆ ಕುಳಿತವನಿಗಾಗಿ ಮಾಡಿದ ಸಾಧನ. ನೆಲದ ಮೇಲಿನ ಮನೆ, ಹೊಲ, ಜನ ಅದರ ಲೆಕ್ಕದಲ್ಲಿ ಬಹುಮಟ್ಟಿಗೆ ಇಲ್ಲ.

ಅಧ್ಯಾಪಕರೇ, ಮುಂದಿನ ಬಾರಿ ಇಂಥ ವಿಡಿಯೋ ಸಿಕ್ಕಾಗ ತರಗತಿಯಲ್ಲಿ ತೋರಿಸಿ ಮೂರು ಪ್ರಶ್ನೆ ಕೇಳಿ. ಬಾಂಬು ಬೀಳಲು ಹಿಡಿದ ಕಾಲಕ್ಕೂ ಎತ್ತರಕ್ಕೂ ಹೊಂದಾಣಿಕೆ ಇದೆಯೇ? ಸದ್ದು ಎಷ್ಟು ಸೆಕೆಂಡು ತಡವಾಗಿ ಬಂತು? ಮೇಲೆದ್ದದ್ದು ಬೆಂಕಿಯೋ, ದೂಳೋ? ಗಡಿಯಾರ ಮತ್ತು ವರ್ಗಮೂಲ ಗೊತ್ತಿದ್ದರೆ ಸಾಕು, ಉತ್ತರಗಳನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳುತ್ತಾರೆ. ಮೂರಕ್ಕೂ ಸರಿಯಾದ ಉತ್ತರ ಬಂದರೂ ವಿಡಿಯೋ ನಿಜವೆಂದು ಸಾಬೀತಾಗುವುದಿಲ್ಲ. ಒಂದು ತಪ್ಪಿದರೂ ಅನುಮಾನಕ್ಕೆ ಕಾರಣವಿದೆ.