ಕಡಲ ಬಣ್ಣದ ಲೆಕ್ಕ: ಗಟ್ಟಿ ಎಲ್ಲಿ, ಟೊಳ್ಳು ಎಲ್ಲಿ

ಕಡಲ ಬಣ್ಣ ಅಳೆಯುವ ಮೊದಲ ಸಂವೇದಕವನ್ನು ನಿಂಬಸ್-7 ಉಪಗ್ರಹ 1978ರಲ್ಲಿ ಹೊತ್ತೊಯ್ದಿತು. ಅಂದಿನಿಂದಲೂ ವಿಜ್ಞಾನಿಗಳನ್ನು ಕಾಡುತ್ತಿರುವ ಪ್ರಶ್ನೆ ಒಂದೇ: ನೂರಾರು ಕಿಲೋಮೀಟರ್ ಮೇಲಿಂದ ಕಂಡ ಬಣ್ಣವನ್ನು ನಂಬಿ ನೀರಿನ ಗುಣ ಹೇಳುವುದು ಹೇಗೆ? ಬಹುಕಾಲ ಇದಕ್ಕಿದ್ದ ಉತ್ತರ ಸರಳ. ನೀಲಿ ಮತ್ತು ಹಸಿರು ಬೆಳಕಿನ ಅನುಪಾತವನ್ನು ಹಡಗಿನಿಂದ ಅಳೆದ ಪತ್ರಹರಿತ್ತಿನ ಪ್ರಮಾಣದೊಂದಿಗೆ ಹೋಲಿಸಿ ಒಂದು ಸೂತ್ರ ಕಟ್ಟುವುದು. ನಡುಗಡಲಿನಲ್ಲಿ ಈ ಸೂತ್ರ ಚೆನ್ನಾಗಿಯೇ ನಡೆಯುತ್ತದೆ. ಆದರೆ ಕೊಳೆತ ಎಲೆ, ಬೇರುಗಳಿಂದ ಹುಟ್ಟಿ ನದಿಗಳ ಮೂಲಕ ಕಡಲು ಸೇರುವ ಕಂದು ಬಣ್ಣದ ಕರಗಿದ ವಸ್ತುವೂ ನೀಲಿಯನ್ನೇ ಹೀರುತ್ತದೆ. ಅನುಪಾತದ ಸೂತ್ರ ಅದನ್ನೂ ಪತ್ರಹರಿತ್ತಿನ ಖಾತೆಗೇ ಬರೆದುಕೊಳ್ಳುತ್ತದೆ.

ಈ ಗೊಂದಲಕ್ಕೆ ಸಿಕ್ಕ ಪರಿಹಾರಗಳಲ್ಲಿ ನಾನು ಬಹಳ ಗೌರವಿಸುವುದು ಝಾಂಗ್‌ಪಿಂಗ್ ಲೀ, ಕೆಂಡಾಲ್ ಕಾರ್ಡರ್ ಮತ್ತು ರಾಬರ್ಟ್ ಅರ್ನೋನ್ 2002ರಲ್ಲಿ ‘ಅಪ್ಲೈಡ್ ಆಪ್ಟಿಕ್ಸ್’ ಪತ್ರಿಕೆಯಲ್ಲಿ ಮಂಡಿಸಿದ ಕ್ವಾಸಿ ಅನಲಿಟಿಕಲ್ ಅಲ್ಗಾರಿದಮ್, ಅಂದರೆ ಕ್ಯೂಎಎ. ಇದರ ಹಿರಿಮೆ ಇರುವುದು ಪ್ರಶ್ನೆಗಳನ್ನು ಜೋಡಿಸಿದ ಕ್ರಮದಲ್ಲಿ. ನೀರು ಬೆಳಕನ್ನು ಏನು ಮಾಡುತ್ತಿದೆ ಎಂಬುದು ಮೊದಲ ಪ್ರಶ್ನೆ. ನೀರಿನಲ್ಲಿರುವ ಯಾವ ವಸ್ತು ಹಾಗೆ ಮಾಡುತ್ತಿದೆ ಎಂಬುದು ಆಮೇಲಿನದು.

ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು 1921ರಲ್ಲಿ ಸಿ.ವಿ. ರಾಮನ್ ವಾದಿಸಿದ್ದರು. ನೀರಿನೊಳಗಿಂದ ಮೇಲೆ ಬರುವ ಬಣ್ಣವನ್ನು ನಿರ್ಧರಿಸುವುದು ಎರಡು ಗುಣಗಳು: ನೀರು ಎಷ್ಟು ಬೆಳಕನ್ನು ಹೀರುತ್ತದೆ, ಎಷ್ಟನ್ನು ಹಿಂದಕ್ಕೆ ಚದುರಿಸುತ್ತದೆ. ತೊಡಕು ಇರುವುದು ಇಲ್ಲೇ. ಉಪಗ್ರಹಕ್ಕೆ ಕಾಣುವುದು ಇವೆರಡರ ಅನುಪಾತ ಮಾತ್ರ. ಹೀರಿಕೆಯೂ ಹಿಂಚದುರಿಕೆಯೂ ಒಟ್ಟಿಗೆ ಇಮ್ಮಡಿಯಾದರೆ ಬಣ್ಣ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಹಾಗಾಗಿ ಎರಡರಲ್ಲಿ ಒಂದನ್ನಾದರೂ ಬೇರೆ ಕಡೆಯಿಂದ ತಿಳಿದುಕೊಳ್ಳದೆ ಲೆಕ್ಕ ಬಿಡಿಸಲಾಗದು.

ಕ್ಯೂಎಎ ಆಸರೆ ಪಡೆಯುವುದು ಶುದ್ಧ ನೀರಿನಿಂದ. 440 ನ್ಯಾನೋಮೀಟರ್‌ನ ನೀಲಿಗಿಂತ 555ರ ಹಸಿರನ್ನು ಶುದ್ಧ ನೀರು ಸುಮಾರು ಹತ್ತು ಪಟ್ಟು ಹೆಚ್ಚು ಹೀರುತ್ತದೆ. ರಾಬಿನ್ ಪೋಪ್ ಮತ್ತು ಎಡ್ವರ್ಡ್ ಫ್ರೈ 1997ರಲ್ಲಿ ಪ್ರಕಟಿಸಿದ ಪ್ರಯೋಗಾಲಯದ ಅಳತೆಗಳು ಈ ಸಂಖ್ಯೆಗಳನ್ನು ಗಟ್ಟಿ ಮಾಡಿವೆ. ತಿಳಿನೀರಿನಲ್ಲಿ 555ರ ಹೀರಿಕೆಯ ಬಹುಪಾಲು ನೀರಿನದೇ. ಉಳಿದ ಸಣ್ಣ ಪಾಲನ್ನು ಅಂದಾಜು ಮಾಡಿದರೆ ಅಲ್ಲಿನ ಹಿಂಚದುರಿಕೆ ಬೀಜಗಣಿತದಿಂದಲೇ ಸಿಗುತ್ತದೆ. ಅದನ್ನು ಬೇರೆ ತರಂಗಾಂತರಗಳಿಗೆ ವಿಸ್ತರಿಸಿದರೆ ಒಂದೊಂದರಲ್ಲೂ ಒಟ್ಟು ಹೀರಿಕೆ ಎಷ್ಟೆಂದು ತಿಳಿಯುತ್ತದೆ. ಇಷ್ಟು ದೂರ ಬರಲು, ಪತ್ರಹರಿತ್ತು ಹೊತ್ತು ತೇಲುವ ಸೂಕ್ಷ್ಮ ಸಸ್ಯಪ್ಲವಕಗಳು ಯಾವ ಬೆಳಕನ್ನು ಎಷ್ಟು ಹೀರುತ್ತವೆ ಎಂದು ಮುಂಚೆಯೇ ಊಹಿಸಬೇಕಿಲ್ಲ. ಪ್ರತಿ ಹೆಜ್ಜೆಯೂ ಕಣ್ಣೆದುರೇ ಇದೆ, ತಪ್ಪು ಎಲ್ಲಿ ನುಸುಳಬಹುದು ಎಂಬುದನ್ನು ಓದುಗನೇ ತೋರಿಸಬಲ್ಲ. ವಿಜ್ಞಾನದ ಒಂದು ವಿಧಾನಕ್ಕೆ ಇದಕ್ಕಿಂತ ದೊಡ್ಡ ಪ್ರಶಂಸೆ ನನಗೆ ತಿಳಿದಿಲ್ಲ.

ಲೆಕ್ಕ ಸಡಿಲವಾಗುವುದು ಕೊನೆಯ ಹೆಜ್ಜೆಯಲ್ಲಿ. ಒಟ್ಟು ಹೀರಿಕೆಯನ್ನು ಸಸ್ಯಪ್ಲವಕಗಳ ಪಾಲು ಮತ್ತು ಕಂದು ವಸ್ತುವಿನ ಪಾಲು ಎಂದು ಒಡೆಯಲು ಕ್ಯೂಎಎ 410 ಮತ್ತು 440 ನ್ಯಾನೋಮೀಟರ್ ಸುತ್ತಲಿನ ನೀಲಿಯನ್ನೇ ನೆಚ್ಚಿಕೊಳ್ಳುತ್ತದೆ. ಉಪಗ್ರಹದ ಅಳತೆ ಅತಿ ದುರ್ಬಲವಾಗಿರುವುದೂ ಅಲ್ಲಿಯೇ. ಉಪಗ್ರಹ ತಲುಪುವ ಬೆಳಕಿನಲ್ಲಿ ಕಡಲಿನ ಪಾಲು ಸುಮಾರು ಶೇ. 10, ಉಳಿದುದು ಬಹುತೇಕ ವಾತಾವರಣದ್ದು. ವಾತಾವರಣದ ಪಾಲನ್ನು ಕಳೆಯುವಾಗ ಒಟ್ಟು ಬೆಳಕಿನ ಶೇ. 1ರಷ್ಟು ತಪ್ಪಿದರೂ ಕಡಲಿನ ಲೆಕ್ಕದಲ್ಲಿ ಅದು ಶೇ. 10ರ ತಪ್ಪು. ದೂಳು, ಹೊಗೆಯ ಪ್ರಮಾಣವನ್ನು ಅವಕೆಂಪಿನಲ್ಲಿ ಅಂದಾಜಿಸಿ ನೀಲಿಯವರೆಗೆ ಎಳೆದು ತರುವ ರೂಢಿ ಇರುವುದರಿಂದ, ಆ ತಪ್ಪು ನೀಲಿಯಲ್ಲೇ ಹೆಚ್ಚು ಬೆಳೆಯುತ್ತದೆ. ಮರುಭೂಮಿಗಳ ದೂಳು ಹಾರಿ ಬರುವ ಅರಬ್ಬೀ ಸಮುದ್ರಕ್ಕೆ ಇದು ಸಣ್ಣ ಮಾತಲ್ಲ.

ಎರಡನೆಯ ದೋಷ ವಿಧಾನದ್ದಲ್ಲ, ಬಳಸುವವರದ್ದು. ತಳದ ಬೆಳಕು ಮೇಲೆ ಬಾರದಷ್ಟು ಆಳವಾದ ನೀರಿಗೆ ಮಾತ್ರ ಇದು ಸಲ್ಲುತ್ತದೆ ಎಂದು ಮೂಲ ಪ್ರಬಂಧದ ಶೀರ್ಷಿಕೆಯೇ ಹೇಳುತ್ತದೆ. ಲಕ್ಷದ್ವೀಪದ ಲಗೂನುಗಳಲ್ಲಿ ಬಿಳಿ ಹವಳದ ಮರಳು ಹಿಂದಿರುಗಿಸುವ ಬೆಳಕನ್ನು ಈ ಲೆಕ್ಕ ನೀರಿನ ಹಿಂಚದುರಿಕೆ ಎಂದೇ ಓದುತ್ತದೆ. ಕೆಸರು ತುಂಬಿದ ನೀರಿನಲ್ಲಿ 555ರ ಆಸರೆಯೂ ಕುಸಿಯುತ್ತದೆ. ನೀರಿನ ಹೀರಿಕೆ ಇನ್ನೂ ಪ್ರಬಲವಾಗಿರುವ 670ರ ಕೆಂಪಿಗೆ ಆಸರೆಯನ್ನು ಬದಲಿಸುವ ತಿದ್ದುಪಡಿ ಆಮೇಲೆ ಬಂದದ್ದು ಅದಕ್ಕೇ. ಆದರೂ ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿ ನದಿಗಳು ಕಡಲು ಸೇರುವಲ್ಲಿ ಯಾವ ಸೂತ್ರವನ್ನೂ ಪರೀಕ್ಷಿಸದೆ ಒಪ್ಪುವಂತಿಲ್ಲ. ಆ ತಿಂಗಳುಗಳಲ್ಲಿ ಮೋಡದ ಹೊದಿಕೆಯಿಂದಾಗಿ ಉಪಗ್ರಹಕ್ಕೆ ಸಿಗುವ ನೋಟವೂ ಕಡಿಮೆ.

ಉಪಕರಣಗಳು ಮಾತ್ರ ಸುಧಾರಿಸುತ್ತಲೇ ಇವೆ. 1999ರ ಓಷನ್‌ಸ್ಯಾಟ್-1ರ ಸಂವೇದಕಕ್ಕೆ 8 ತರಂಗಾಂತರ ಪಟ್ಟಿಗಳಿದ್ದವು, 2022ರ ಓಷನ್‌ಸ್ಯಾಟ್-3ಕ್ಕೆ 13. 2024ರಲ್ಲಿ ನಾಸಾ ಹಾರಿಸಿದ ಪೇಸ್ ಉಪಗ್ರಹ ನೇರಳಾತೀತದವರೆಗೂ ಬಣ್ಣವನ್ನು ಸಣ್ಣಸಣ್ಣ ಎಳೆಗಳಾಗಿ ಬಿಡಿಸುತ್ತದೆ. ಕಂದು ವಸ್ತುವಿನ ಹೀರಿಕೆ ನೇರಳಾತೀತದ ಕಡೆಗೆ ಏರುತ್ತಲೇ ಹೋಗುವುದರಿಂದ, ಅದನ್ನು ಸಸ್ಯಪ್ಲವಕಗಳಿಂದ ಬೇರ್ಪಡಿಸಲು ಅಲ್ಲಿ ಹೊಸ ಸಾಕ್ಷ್ಯ ಸಿಗುತ್ತದೆ. ಆದರೆ ಎಷ್ಟೇ ಎಳೆಗಳಿದ್ದರೂ ನೀರಿಗಿಳಿದು ಅಳೆದ ಅಳತೆಗೆ ಬದಲಿ ಇಲ್ಲ. ಹವಾಯಿ ಬಳಿ 1997ರಿಂದ ತೇಲುತ್ತಿರುವ ಮೋಬಿ ಮಾಪಕ ಜಗತ್ತಿನ ಹಲವು ಸಂವೇದಕಗಳ ಅಳತೆಯನ್ನು ತಿದ್ದಲು ನೆರವಾಗಿದೆ.

ನನ್ನ ತೀರ್ಪು ಇಷ್ಟು. ತಿಳಿಯಾದ ಆಳ ನೀರಿನಲ್ಲಿ ಕ್ಯೂಎಎ ಕೊಡುವ ಒಟ್ಟು ಹೀರಿಕೆ, ಹಿಂಚದುರಿಕೆಗಳನ್ನು ನಂಬಬಹುದು. ಅದು ಮಾಡುವ ಪಾಲುಗಳನ್ನು ಎಚ್ಚರದಿಂದ ಬಳಸಬೇಕು. ಕರಾವಳಿಯಲ್ಲಿ ಸ್ಥಳೀಯ ಅಳತೆ ಇಲ್ಲದೆ ಒಂದು ನಕ್ಷೆಯನ್ನೂ ಒಪ್ಪಬಾರದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನುಗಾರರಿಗೆ ಕಳುಹಿಸುವ ಮೀನು ಸಿಗುವ ವಲಯದ ಸೂಚನೆಯಲ್ಲೂ ಕಡಲ ಬಣ್ಣದ ಪಾಲಿದೆ. ಆದ್ದರಿಂದ ಇದು ಪ್ರಯೋಗಾಲಯದೊಳಗೆ ಮುಗಿಯುವ ಚರ್ಚೆಯಲ್ಲ. ಮಂಗಳೂರು, ಕಾರವಾರದ ಕಡಲ ಅಧ್ಯಯನ ಕೇಂದ್ರಗಳು ವರ್ಷವಿಡೀ ನಮ್ಮ ನೀರಿನ ಹೀರಿಕೆ, ಚದುರಿಕೆಗಳನ್ನು ಅಳೆದು ಎಲ್ಲರಿಗೂ ಸಿಗುವಂತೆ ಪ್ರಕಟಿಸಲಿ. ಉಪಗ್ರಹದ ಪ್ರತಿ ನಕ್ಷೆಯ ಜೊತೆಗೂ ಅದರಲ್ಲಿ ಎಷ್ಟು ತಪ್ಪಿರಬಹುದು ಎಂಬ ನಕ್ಷೆಯೂ ಬರಲಿ.