ನೀರುನಾಯಿಯ ಆಟ, ನೋಡುವವನ ಸಾಕ್ಷ್ಯ

ಗೇವಿನ್ ಮ್ಯಾಕ್ಸ್‌ವೆಲ್ಲನ ‘ರಿಂಗ್ ಆಫ್ ಬ್ರೈಟ್ ವಾಟರ್’ ಎಂಬ ಗ್ರಂಥವು 1960ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಸಾಕಿದ ನೀರುನಾಯಿಗಳ ನಡವಳಿಕೆಯನ್ನು ಇಷ್ಟು ಸಮೀಪದಿಂದ ಕಂಡು, ಇಷ್ಟು ಸೊಗಸಾಗಿ ನಿರೂಪಿಸಿದ ಕೃತಿಗಳು ವಿರಳ. ಆದರೆ ಸೊಗಸಾದ ನಿರೂಪಣೆಯೆಲ್ಲವೂ ದೃಢವಾದ ಸಾಕ್ಷ್ಯವೆನಿಸಲಾರದು. ಪ್ರವಾಸಿಯೊಬ್ಬನ ಬರೆಹವನ್ನು ಆಧಾರವಾಗಿ ಸ್ವೀಕರಿಸುವ ಮುನ್ನ ಇತಿಹಾಸದ ವಿದ್ಯಾರ್ಥಿಯು ಆತನು ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುತ್ತಾನೆ. ಅದೇ ಕ್ರಮದಿಂದ ಈ ಗ್ರಂಥವನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಮ್ಯಾಕ್ಸ್‌ವೆಲ್ಲನು 1956ರಲ್ಲಿ ವಿಲ್ಫ್ರೆಡ್ ಥೆಸಿಜರನೊಡನೆ ದಕ್ಷಿಣ ಇರಾಕಿನ ಜೌಗು ನಾಡಿನಲ್ಲಿ ಸಂಚರಿಸಿದನು. ಅಲ್ಲಿಂದ ದೊರೆತ ನೀರುನಾಯಿಯೊಂದಕ್ಕೆ ಮಿಜ್‌ಬಿಲ್ ಎಂದು ಹೆಸರಿಟ್ಟು ಲಂಡನ್ನಿಗೆ ಕೊಂಡೊಯ್ದನು. ಪ್ರಾಣಿಶಾಸ್ತ್ರಜ್ಞರು ಅದು ಹೊಸದೊಂದು ಉಪಜಾತಿಗೆ ಸೇರಿದುದೆಂದು ನಿರ್ಣಯಿಸಿ, ಆ ಉಪಜಾತಿಗೆ ಮ್ಯಾಕ್ಸ್‌ವೆಲ್ಲನ ಹೆಸರನ್ನೇ ಕೊಟ್ಟರು. ನಮ್ಮ ತುಂಗಭದ್ರೆಯಲ್ಲಿ ಬಾಳುವ, ನುಣುಪಾದ ತುಪ್ಪುಳಿನ ನೀರುನಾಯಿಯೂ ಮೂಲತಃ ಅದೇ ಜಾತಿಯದು.

ಗ್ರಂಥದ ಶ್ರೇಷ್ಠ ಭಾಗಗಳು ಕೇವಲ ಕಂಡದ್ದನ್ನು ಹೇಳುವ ಭಾಗಗಳೇ. ಇಳಿಜಾರಾಗಿದ್ದ ಪೆಟ್ಟಿಗೆಯೊಂದರ ಎತ್ತರದ ಕೊನೆಯಲ್ಲಿ ಮಿಜ್‌ಬಿಲ್ ಚೆಂಡನ್ನಿಟ್ಟು, ಅದು ಉರುಳಿ ಬರುವಷ್ಟರಲ್ಲಿ ಮತ್ತೊಂದು ಕೊನೆಗೆ ಓಡಿ ಹೊಂಚುಹಾಕುತ್ತಿತ್ತು. ನೀರಿನ ನಲ್ಲಿಯನ್ನು ತಿರುಗಿಸಲು ತಾನೇ ಕಲಿಯಿತು. ಅಂಗಾತ ಮಲಗಿ ಗೋಲಿಗಳನ್ನು ಮುಂಗಾಲುಗಳಲ್ಲಿ ಹೊರಳಿಸುತ್ತಿತ್ತು. ನೀರುನಾಯಿಯು ಒಂದೋ ನಿದ್ರಿಸುತ್ತದೆ, ಇಲ್ಲವೇ ಏನಾದರೊಂದರಲ್ಲಿ ತೊಡಗಿರುತ್ತದೆ; ಸುಮ್ಮನಿರಲು ಅದಕ್ಕೆ ಬಾರದು ಎಂಬ ಆತನ ಮಾತು ಪ್ರತ್ಯಕ್ಷಾನುಭವದಿಂದ ಬಂದುದು. ಬಂಧಿತ ಪ್ರಾಣಿಗೆ ಆಹಾರದಂತೆಯೇ ಚಟುವಟಿಕೆಯೂ ಅವಶ್ಯಕವೆಂದು ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರನು 1942ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ್ದನು. ಮಿಜ್‌ಬಿಲ್‌ನ ಚರಿತ್ರೆ ಆ ವಾದಕ್ಕೆ ಜೀವಂತ ನಿದರ್ಶನವಾಗಿದೆ.

ದೋಷವಿರುವುದು ಮುಂದಿನ ಹೆಜ್ಜೆಯಲ್ಲಿ. ಈ ಆಟವನ್ನೆಲ್ಲ ಗ್ರಂಥಕರ್ತನು ನೀರುನಾಯಿಯ ಸಹಜ ಉಲ್ಲಾಸವೆಂದು ಭಾವಿಸುತ್ತಾನೆ. ಕೊಠಡಿಯ ಪಾತ್ರವನ್ನು ವಿಚಾರಿಸುವುದಿಲ್ಲ. ಈ ಜಾತಿಯ ನೀರುನಾಯಿಗಳು ಕುಟುಂಬವಾಗಿ ಬಾಳಿ, ಗುಂಪಾಗಿ ಮೀನು ಬೇಟೆಯಾಡುವಂಥವು. ಮಿಜ್‌ಬಿಲ್‌ಗೆ ಸಜಾತೀಯ ಸಂಗಾತಿಯೊಂದೂ ಇರಲಿಲ್ಲ. ಚೆಂಡನ್ನು ತಾನೇ ಉರುಳಿಸಿ ತಾನೇ ಹಿಡಿಯುವ ಆಟದಲ್ಲಿ ಜಾಣತನವಿದೆ, ನಿಜ, ಒಂಟಿತನವೂ ಇರಬಾರದೇಕೆ? ಬ್ರಿಟನ್ನಿನ ಪ್ರಾಣಿಸಂಗ್ರಹಾಲಯಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಸಂಶಯವನ್ನು ಬಲಪಡಿಸುತ್ತದೆ. ಕಲ್ಲುಗಳನ್ನು ಹೊರಳಿಸಿ ಆಡುವ ನಡತೆ ಹಸಿದ ಹೊತ್ತಿನಲ್ಲಿ ಹೆಚ್ಚುತ್ತದೆ. ಹೆಚ್ಚು ಆಡುವ ಪ್ರಾಣಿಗಳು ಆಹಾರ ಅಡಗಿಸಿದ ಒಗಟುಗಳನ್ನು ಉಳಿದವುಗಳಿಗಿಂತ ಬೇಗನೆ ಬಿಡಿಸಲಿಲ್ಲ. ನೋಡುವವನಿಗೆ ವಿನೋದವಾಗಿ ಕಂಡದ್ದು ಊಟದ ನಿರೀಕ್ಷೆಯಾಗಿರಲೂ ಸಾಧ್ಯ.

ಮ್ಯಾಕ್ಸ್‌ವೆಲ್ಲನ ಮುಂದಿನ ಕೃತಿಯೇ ಆತನ ಮೊದಲ ಕೃತಿಗೆ ಉತ್ತರವಾಗಿದೆ. 1957ರಲ್ಲಿ ಮಿಜ್‌ಬಿಲ್ ಸ್ಕಾಟ್ಲೆಂಡಿನಲ್ಲಿ ಮನುಷ್ಯನೊಬ್ಬನ ಕೈಯಲ್ಲಿ ಹತವಾದ ಬಳಿಕ, ಆಫ್ರಿಕದ ಎಡಲ್ ಎಂಬ ನೀರುನಾಯಿ ಆತನ ಮನೆಗೆ ಬಂದಿತು. ಅದು ಮನುಷ್ಯರ ಮೇಲೆರಗಿದ ಸಂಗತಿಯನ್ನೂ, ಅದನ್ನು ಆವರಣದಲ್ಲಿ ಕೂಡಿಡಬೇಕಾಗಿ ಬಂದುದನ್ನೂ ಆತನು 1963ರ ‘ದಿ ರಾಕ್ಸ್ ರಿಮೇನ್’ ಗ್ರಂಥದಲ್ಲಿ ಮರೆಮಾಚದೆ ದಾಖಲಿಸಿದನು. ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೂ ಜನಮನದಲ್ಲಿ ಉಳಿದದ್ದು ಮೊದಲನೆಯ ಗ್ರಂಥದ ಚಿತ್ರವೇ.

ಬಂಧಿತ ನೀರುನಾಯಿಗಳ ಪರಿಸರವನ್ನು ಸಮೃದ್ಧಗೊಳಿಸಲು ಇಂದು ಹರಿವ ನೀರು, ಅಗೆಯಲು ಮಣ್ಣು, ಹುಡುಕಿ ತಿನ್ನುವಂತೆ ಅಡಗಿಸಿದ ಆಹಾರ ಮೊದಲಾದುವನ್ನು ಒದಗಿಸುತ್ತಾರೆ. ಇವುಗಳ ಫಲವನ್ನು ಅಳೆಯಬೇಕಾದುದು ಪ್ರೇಕ್ಷಕರ ನಗುವಿನಿಂದಲ್ಲ. ನಿಯತ ಕಾಲಾಂತರಗಳಲ್ಲಿ, ಊಟಕ್ಕೆ ಮುಂಚೆಯೂ ಅನಂತರವೂ, ಯಾವ ಪ್ರಾಣಿ ಏನು ಮಾಡುತ್ತಿದೆಯೆಂದು ಬರೆದಿಟ್ಟು, ಆ ದಾಖಲೆಯನ್ನು ಸ್ವತಂತ್ರ ಪ್ರಾಣಿಗಳ ದಿನಚರಿಯೊಡನೆ ಹೋಲಿಸಬೇಕು. ಹಾಗೆ ಹೋಲಿಸಲು ಸ್ವತಂತ್ರ ನೀರುನಾಯಿಗಳು ನದಿಯಲ್ಲಿ ಉಳಿದಿರಬೇಕಾದುದೂ ಅಗತ್ಯ. 2015ರಲ್ಲಿ ತುಂಗಭದ್ರೆಯ 34 ಕಿಲೋಮೀಟರು ಪಾತ್ರವನ್ನು ನೀರುನಾಯಿಗಳ ಸಂರಕ್ಷಣಾ ಪ್ರದೇಶವೆಂದು ಘೋಷಿಸಿದುದರ ಮಹತ್ತ್ವ ಈ ದೃಷ್ಟಿಯಿಂದಲೂ ದೊಡ್ಡದು. ಮ್ಯಾಕ್ಸ್‌ವೆಲ್ಲನ ಗ್ರಂಥವನ್ನು ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ಓದಲಿ. ಆತನ ಕಣ್ಣನ್ನು ನಂಬಲಿ, ತೀರ್ಮಾನವನ್ನು ಮಾತ್ರ ಪರೀಕ್ಷಿಸಿ ಸ್ವೀಕರಿಸಲಿ.